ಹದಿನಾಲ್ಕನೆಯ ನಮೂನೆ

ಬಾಗಲಕೋಟೆ, ನವನಗರ. ಕಾಲೇಜಿನ ನೆಲಮಾಳಿಗೆಯಲ್ಲಿ
ಫಾರ್ಮಲಿನ್ ಮೊದಲು ಕಣ್ಣಿಗೆ ತಾಕುತ್ತದೆ,
ಆಮೇಲೆ ಮೂಗಿಗೆ.
ದಾವಲಸಾಬ ಬರಣಿಯ ಮುಚ್ಚಳ ತಿರುವಿ
ಎರಡೂ ಕೈಯಲ್ಲಿ ಎತ್ತಿ ಕೊಡುತ್ತಿದ್ದ,
ತಲೆಯ ಕೆಳಗೊಂದು ಅಂಗೈ ಇಟ್ಟೇ.
ಇಪ್ಪತ್ತೆಂಟು ವರ್ಷ, ಒಮ್ಮೆಯೂ ತಪ್ಪಿಲ್ಲ.
'ಕುತ್ತಿಗಿ ಇನ್ನಾ ನಿಂತಿಲ್ರಿ ಇದರದು.'

ರಜಿಸ್ಟರಿನಲ್ಲಿ ವಾರ, ತೂಕ, ಲಿಂಗ,
ಕೊನೆಗೆ ತಾಯಿಯ ಒಪ್ಪಿಗೆ. ಹೆಚ್ಚಾಗಿ ಹೆಬ್ಬೆಟ್ಟು,
ಮಸಿಯ ನೀಲಿ ಸುಳಿ.
ಹೆಸರಿಗೆ ಅಂಕಣವಿಲ್ಲ.

ನಾನು ಹುಡುಕುತ್ತಿದ್ದುದು ಒಂದು ಕವಲು.
ತಲೆಬುರುಡೆಯಿಂದ ಹೊರಟು
ಕೊರಳು, ಎದೆ ದಾಟಿ ಹೊಟ್ಟೆಗಿಳಿಯುವ
ಆ ಅಲೆಮಾರಿ ನರ
ಜಠರದ ಮೇಲೆ ಒರಗಿ
ಯಕೃತ್ತಿನ ಕಡೆ ಚಾಚುವ ಎಳೆ.
ಇಪ್ಪತ್ತೆರಡು ವಾರದ ಕೂಸಿನಲ್ಲಿ
ನೆನೆದ ನೂಲಿಗಿಂತ ತೆಳು.
ಎಲ್ಲಿ ಒಡೆಯುತ್ತದೆ, ಎಷ್ಟು ಟಿಸಿಲು,
ಮಿಲಿಮೀಟರಿನಲ್ಲಿ ಬರೆಯಬೇಕು.
ಯಾಕೆ ಎಂದರೆ, ಮುಂದೊಂದು ದಿನ
ಯಾರದೋ ಕತ್ತರಿ ದಾರಿ ತಪ್ಪದಿರಲಿ ಎಂದು.
ಇಷ್ಟೇ ನನ್ನ ಬಳಿ ಇದ್ದ ಉತ್ತರ.

ಆ ವಯಸ್ಸಿನಲ್ಲಿ ಯಕೃತ್ತಿನದೇ ಯಜಮಾನಿಕೆ.
ಎಲುಬಿಗೆ ಇನ್ನೂ ಕೆಲಸ ಕೈಹತ್ತಿಲ್ಲ,
ರಕ್ತವನ್ನೂ ಇದೇ ಕಾಸಿ ಇಳಿಸಬೇಕು.
ಹೊಕ್ಕುಳಿಂದ ಬಂದ ಸಿರೆ ನೇರ ಇದರ ಬಾಗಿಲಿಗೆ.
ಹುಟ್ಟಿದ ಮೇಲೆ ಆ ದಾರಿ ಮುಚ್ಚುತ್ತದೆ,
ಉಳಿಯುವುದು ಬರೀ ಒಂದು ಹುರಿ.

ದಾವಲಸಾಬನ ಕಣ್ಣು ಹಳದಿಯಾದವು.
ಕಾಮಣಿ ಅಂದರು ಓಣಿಯವರು,
ಮುಧೋಳದ ಕಡೆ ಯಾರೋ ನೆಲನೆಲ್ಲಿ ಅರೆದು ಕೊಟ್ಟರು.
ಅಂಗಿಯ ಗುಂಡಿ ಕೂಡದಾದ ದಿನ
ನೆಲಮಾಳಿಗೆಯ ಮನುಷ್ಯ ಮೂರನೇ ಮಹಡಿಯ ವಾರ್ಡಿಗೆ ಹೋದ.
'ಎಷ್ಟು ಕುಡಿಯುತ್ತಾನೆ?' ಬಂದವರೆಲ್ಲ ಕೇಳಿದರು.
ಮಗಳು ಶಹಜಾದಬಿ ಗೋಡೆ ನೋಡುತ್ತ
'ಚಾ' ಅಂದಳು.
ರಿಪೋರ್ಟಿನಲ್ಲಿದ್ದುದು ವೈರಸ್ಸು, ಹಳೆಯದು,
ಎಷ್ಟೋ ವರ್ಷದಿಂದ ಸದ್ದಿಲ್ಲದೆ ಬಾಡಿಗೆಗಿದ್ದದ್ದು.

ಸ್ಕ್ಯಾನು ಹಿಡಿದು ನಾನೇ ಹೇಳಿದೆ:
ಯಕೃತ್ತು ಗಟ್ಟಿಯಾಗಿದೆ, ರಕ್ತ ಅದರೊಳಗೆ ಹರಿಯಲಾರದು,
ಹಿಂದೆ ನಿಲ್ಲುತ್ತದೆ...
ಅವನು ಕೈಯೆತ್ತಿ ತಡೆದ.
'ಹಿನ್ನೀರಲ್ರಿ? ನನಗ ಹೇಳತೀರೇನು?
ಆಲಮಟ್ಟಿ ಗೇಟ್ ಹಾಕಿದ್ರು,
ಘಟಪ್ರಭಾ ಹಳೇ ಊರಾಗ ನಮ್ಮ ಅಡಗಿಮನಿಗೆ ಬಂತು.
ಬಂದದ್ದು ಹೊಳಿ ಕಡೆಯಿಂದ ಅಲ್ರಿ,
ನಮ್ಮ ಮುತ್ಯಾ ಮುಚ್ಚಿಸಿದ್ದ ಗಟಾರದಿಂದ.
ನಮಗ ಮರತಿತ್ತು. ನೀರಿಗೆ ಮರತಿರಲಿಲ್ಲ.'

ಅಂಗಿ ಸರಿಸಿದೆ.
ಹೊಕ್ಕುಳ ಸುತ್ತ ಸಿರೆಗಳು ಎದ್ದಿದ್ದವು, ನೀಲಿ ಸುಳಿ.
ಐವತ್ತೇಳು ವರ್ಷದ ಹಿಂದೆ
ಯಾವಳೋ ಸೂಲಗಿತ್ತಿ ಕತ್ತರಿಸಿ ಕಟ್ಟಿದ್ದ ದಾರಿ.

ಅಂದು ಐದು ಲೀಟರ್ ತೆಗೆದರು, ಒಣ ಕಣಿಕೆಯ ಬಣ್ಣ.
ಆಲ್ಬುಮಿನ್ ಬಾಟಲಿ ಏರಿಸಿದರು.
ವೈರಸ್ಸಿಗೆ ದಿನಕ್ಕೊಂದು ಗುಳಿಗೆ,
ನಾಡಿಯ ಓಟಕ್ಕೆ ಕಡಿವಾಣವಾಗಿ ಇನ್ನೊಂದು,
ಅನ್ನನಾಳದಲ್ಲಿ ಉಬ್ಬಿದ ಸಿರೆಗೆ ರಬ್ಬರಿನ ಉಂಗುರ.
ರೊಟ್ಟಿಗೆ ಮೊದಲೇ ಉಪ್ಪಿಲ್ಲ, ಈಗ ಪಲ್ಯಕ್ಕೂ ಇಲ್ಲ.
ಇದು ವಾಸಿಯಲ್ಲ.
ಯಾವ ಗೇಟು, ಎಷ್ಟು ಇಂಚು ಎತ್ತಬೇಕೆಂಬ ಲೆಕ್ಕ.
ಲೆಕ್ಕ ತಪ್ಪದಿದ್ದರೆ ಊರು ಉಳಿಯುತ್ತದೆ, ಒಂದಷ್ಟು ವರ್ಷ.

ಹೊರಟಾಗ ಕರೆದ:
'ಹದಿನಾಕನೇದರಾಗ ಆ ನರ ಸಿಕ್ತೇನ್ರಿ?'
'ಇರಲಿಲ್ಲ. ಹಂಗಂತ ಬರೆದೆ.'
ಕೊಳವೆಯ ಹನಿ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದ.
'ಇತ್ರಿ. ದೀಪಾ ಹಿಡದಾಂವ ನಾನ.
ನಿಮ್ಮ ಚಿಮಟಕ್ಕ ಸಿಕ್ಕು ಹರೀತು.
ಇಲ್ಲ ಅನ್ನೂದು ಬ್ಯಾರೆ, ಹರೀತು ಅನ್ನೂದು ಬ್ಯಾರೆ.
ಇಲ್ಲ ಅಂತ ಬರದ್ರ
ತಪ್ಪು ಆ ಕೂಸಿಂದ ಆಗತೈತಿ.'

ಕೆಳಗಿಳಿದೆ.
'ಇಲ್ಲ'ದ ಮೇಲೆ ಒಂದೇ ಗೆರೆ ಎಳೆದೆ, ಓದಲು ಬರುವ ಹಾಗೆ.
ಪಕ್ಕದಲ್ಲಿ: ಹರಿಯಿತು, ನನ್ನ ಕೈಯಿಂದ.
ಸಹಿ. ತಾರೀಖು.
ಹದಿನೈದರ ಬರಣಿ ಮೇಜಿಗೆ ಬಂತು.
ಹೊಸ ಹುಡುಗ, ಕೈಗವಸು ದೊಡ್ಡದಾಗಿ,
ಕಾಲು ಹಿಡಿದು ಎತ್ತಲು ಹೋದ.
'ತಡಿ' ಅಂದೆ.