ಊದುಮೊರ

ಮೊದಲನೆಯದು ಹದಿನೆಂಟು ಕಿಲೋ ತೂಗಿತು.
ಪ್ಲೈವುಡ್ಡು, ಕಬ್ಬಿಣದ ಕಾಲು, ಪೆಟ್ರೋಲು ಕುಡಿಯುವ ಬ್ಲೋವರು.
ಲಿಯೊನೋರಾದಾಚೆಯ ಒಣಹಳ್ಳದವರೆಗೆ ಹೊತ್ತುಕೊಂಡು ಹೋಗಿ
ಕೂತುಬಿಟ್ಟೆ. ಅಗೆಯಲಿಲ್ಲ.
ನನ್ನ ಮೊಣಕಾಲಿಗೆ ಐವತ್ತೊಂಬತ್ತು ವರ್ಷ,
ಬೆನ್ನಿಗೆ ಅದಕ್ಕಿಂತ ಹೆಚ್ಚು.

'ಹಗುರ ಮಾಡು' ಅಂದ ಎದುರು ಮನೆಯ ಮರ್ವ್ ಟ್ರೆಗೆಂಜ,
ಅಜ್ಜನ ಕಾಲದಿಂದ ಗಣಿಯ ಮಣ್ಣು ತಿಂದವನು.
'ಭಾರ ಇರಬೇಕಾದ್ದು ಚಿನ್ನ. ಮಿಕ್ಕದ್ದಕ್ಕೆಲ್ಲ ಯಾಕೆ?'

ಔಷಧದಂಗಡಿಯ ಬಾಗಿಲು ಹಾಕಿದ ಮೇಲೆ
ಶೆಡ್ಡಿನಲ್ಲಿ ಕಳಚುತ್ತ ಬಂದೆ.
ಪ್ಲೈವುಡ್ ಹೋಯಿತು; ಬೇಲಿಯಲ್ಲಿ ಬಿದ್ದಿದ್ದ
ಚುನಾವಣೆಯ ಪ್ಲಾಸ್ಟಿಕ್ ಫಲಕ ಬಂತು,
ಸೋತವನ ಅರ್ಧ ನಗು ಈಗಲೂ ತಟ್ಟೆಯ ಅಡಿಗಿದೆ.
ಕಾಲಿಗೆ ಹಳೇ ಟೆಂಟಿನ ಅಲ್ಯುಮಿನಿಯಂ ಕೋಲು.
ಉಸಿರಿಗೆ, ಎಲೆ ಊದುವ ಬ್ಯಾಟರಿಯ ಯಂತ್ರ.
ಕೆಟ್ಟ ಕಂಪ್ಯೂಟರಿನ ಫ್ಯಾನೊಂದರ ರೆಕ್ಕೆಗೆ
ಬೇಕೆಂದೇ ಒಂದು ನಟ್ಟು ಅಂಟಿಸಿ ತಟ್ಟೆಗೆ ಬಿಗಿದೆ:
ಸಮ ತಪ್ಪಿದ್ದು ನಡುಗುತ್ತದೆ,
ಅದು ನಡುಗಿದರೆ ಮಣ್ಣು ನಡೆಯುತ್ತದೆ.

ಬಟ್ಟೆಯದೇ ದೊಡ್ಡ ಪಾಡು.
ಗಾಳಿ ದಾಟಬೇಕು, ಧೂಳು ದಾಟಬಾರದು.
ದಿಂಬಿನ ಚೀಲಕ್ಕೆ ಉಸಿರು ಕಟ್ಟಿತು.
ಸೊಳ್ಳೆ ಪರದೆ ಎಲ್ಲವನ್ನೂ ಬಿಟ್ಟುಕೊಟ್ಟಿತು.
ಮರ್ವನ ಕ್ರಿಕೆಟ್ ಅಂಗಿ ಒಂದು ವಾರ ಬಾಳಿತು.
ಕೊನೆಗೆ ನನ್ನದೇ ಬಿಳಿ ಕೋಟು ಕತ್ತರಿಸಿದೆ,
ಹೆಸರು ಹೊಲಿದ ಜೇಬಿನ ಭಾಗ ಬಿಟ್ಟು.

ಅಪ್ಪನ ಕುಲುಮೆಯಲ್ಲಿ ತಿದಿ ಒತ್ತುವುದು ನನ್ನ ಕೆಲಸ.
ಚಿನ್ನ ಮುಟ್ಟುವುದು ಅಣ್ಣಂದಿರದು.
ಸಂಜೆ ನೆಲ ಗುಡಿಸಿ ಕಸವನ್ನು ಡಬ್ಬಿಗೆ ತುಂಬಿಡುತ್ತಿದ್ದೆ;
ವರ್ಷಕ್ಕೊಮ್ಮೆ ಒಬ್ಬ ಬಂದು ಕೊಂಡು
ಹೊಳೆಯಲ್ಲಿ ಜಾಲಿಸಿ, ನಮ್ಮ ಕಸದಿಂದ ಹೆಂಡತಿಗೆ ಮೂಗುತಿ ಮಾಡಿಸಿದ್ದನಂತೆ.
ಇಲ್ಲಿ ಹೊಳೆ ಎಲ್ಲಿ?
ನಕ್ಷೆಯ ಮೇಲೆ ನೀಲಿ ಗೀಟು. ಕಾಲ ಕೆಳಗೆ ಕೆಂಪು ಹಿಟ್ಟು.
ಹಾಗಾಗಿ ಒತ್ತುವವಳೇ ಜಾಲಿಸುವವಳೂ ಆದೆ,
ನೀರಿನ ಕೆಲಸ ಗಾಳಿಗೆ ಹೇಳಿಕೊಟ್ಟು.

ಪರೀಕ್ಷೆಗೆ ಹತ್ತು ಸೀಸದ ಕಾಳು.
ಗುರುತಿಗೆ ಗುಲಾಬಿ ಉಗುರುಬಣ್ಣ.
ಬಕೆಟ್ಟು ಮಣ್ಣಿನಲ್ಲಿ ಬೆರೆಸಿ ಸುರಿದೆ: ಏಳು ಸಿಕ್ಕವು.
ತಟ್ಟೆಯ ಇಳಿಜಾರು ಒಂದು ಬೆರಳು ತಗ್ಗಿಸಿದೆ: ಎಂಟು.
ಅಡ್ಡಪಟ್ಟಿಗಳನ್ನು ಬೆಂಕಿಕಡ್ಡಿಯಷ್ಟು ಎತ್ತರಿಸಿದೆ: ಒಂಬತ್ತು.
ಹತ್ತನೆಯದು ಇಲ್ಲ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ
ಎಂದು ಶಾಲೆಯಲ್ಲಿ ನನ್ನ ಮುಖ ನೋಡಿಯೇ ಹೇಳುತ್ತಿದ್ದರು.
ಇರಲಿ. ಯಂತ್ರಕ್ಕೂ ನಮ್ಮ ಕುಲವೇ ಅಂಟಿರಬೇಕು.

ಭಾನುವಾರ. ಮುಲ್ಗಾ ಗಿಡದ ತೆಳು ನೆರಳು.
ಗಾಳಿ ಬಂದಾಗ ತೂರಿಕೊ ಅಂದವರು
ಈ ಊರಿನ ಗಾಳಿಯನ್ನು ಕಂಡವರಲ್ಲ;
ಅದು ಬಂದಾಗ ಬೆನ್ನು ಕೊಟ್ಟು ನಿಲ್ಲಬೇಕು,
ಹೋದ ಮೇಲೆ ಉಗುಳಬೇಕು.
ಹದಿನೈದು ಬಕೆಟ್ಟು. ಜರಡಿಯ ಮೇಲೆ ಕಲ್ಲು ಜಾರುವ ಸದ್ದು,
ತಟ್ಟೆ ನಡುಗಿ ನಡುಗಿ ಹಗುರವನ್ನೆಲ್ಲ ಹೊರಗೆ ಕಳಿಸಿ
ಕಪ್ಪು ಮರಳನ್ನು ಪಟ್ಟಿಗಳ ಹಿಂದೆ ಬಚ್ಚಿಟ್ಟುಕೊಂಡಿತು.
ನಡುವೆ ಎಲ್ಲೋ ಹಸಿಯಿದ್ದ ಒಂದು ಮಣ್ಣುಹೆಂಟೆ
ಬಟ್ಟೆಗೆ ಮೆತ್ತಿಕೊಂಡು ಅರ್ಧ ಗಂಟೆ ತಿಂದಿತು.

ರಾತ್ರಿ ಅಂಗಡಿಯ ತಕ್ಕಡಿ,
ಮಕ್ಕಳ ಔಷಧಿಯ ಪುಡಿ ತೂಗುವಂಥದು:
ಸೊನ್ನೆ ಬಿಂದು ಒಂದು ಒಂದು ಗ್ರಾಂ.
ಅಪ್ಪನ ಲೆಕ್ಕದಲ್ಲಿ ಒಂದು ಗುಲಗಂಜಿಗೂ ಕೊಂಚ ಕಮ್ಮಿ,
ಆ ಕಾಳಿನ ಕಪ್ಪು ಮೂತಿಯಷ್ಟು ಕಮ್ಮಿ ಎನ್ನಿ.
ಅದರ ಪಕ್ಕದಲ್ಲಿ, ಮೂಲೆಯ ಹೊಲಿಗೆಯಿಂದ ಉದುರಿದ್ದು,
ಗುಲಾಬಿ ಬಣ್ಣ ಅರ್ಧ ಸವೆದ
ಹತ್ತನೆಯ ಕಾಳು.
ಯಾವುದನ್ನು ಮೊದಲು ಎತ್ತಿಕೊಂಡೆನೆಂದು ಹೇಳುವುದಿಲ್ಲ.

ಬೆಳಿಗ್ಗೆ ಬೇಲಿಯಾಚೆಯಿಂದ ಮರ್ವ್:
'ಎಷ್ಟು ಬಂತು?'
'ಆರು ಕಿಲೋ ನಾನ್ನೂರು' ಅಂದೆ.
ಅವನ ಕೈಯ ಚಹಾ ಅಲ್ಲೇ ನಿಂತಿತು.
'ಹಿಂಬದಿಯ ನಾಲ್ಕು ಬೋಲ್ಟು ತೆಗೆದು ಹಗ್ಗ ಕಟ್ಟಿದರೆ
ಇನ್ನೂ ಇನ್ನೂರು ಗ್ರಾಂ ಇಳಿಸಬಹುದು.'