ಯಾರ ತೋಳಿಗಾದರೂ

ಗ್ಯಾಸಿನವನು ಸಿಲಿಂಡರಿಗೆ ಸಲಾಕೆ ಬಡಿಯುತ್ತ
ನಮ್ಮ ಗುಡ್ಡದ ಮೆಟ್ಟಿಲು ಹತ್ತಿ ಬಂದನೆಂದರೆ
ಅಲೀರೊ ಓಡುತ್ತಾನೆ,
ಎರಡೂ ತೋಳು ಎತ್ತಿ.
ಇಪ್ಪತ್ತು ತಿಂಗಳ ಪೋರ.
ಮೊದಲ ಸಲ ಕಂಡ ಗಂಡಸಿನ ಬೆವರುಗೊರಳಿಗೆ
ಮುಖ ಒತ್ತಿ ಕಣ್ಣು ಮುಚ್ಚುತ್ತಾನೆ.

ವಾಲ್ಪರೈಸೊ ಪೂರ್ತಿ ಅವನಿಗೆ ನೆಂಟರು.
ಗುಡ್ಡ ಹತ್ತಿಸುವ ಹಳಿಗಾಡಿಯ ಟಿಕೆಟಿನವಳು,
ಮೀನು ಹೆಚ್ಚುವ ಮುದುಕ,
ಹಡಗಿಳಿದು ದಾರಿ ಕೇಳಿದ ಯಾವನೋ ನಾವಿಕ.
"ಎಂಥ ಒಗ್ಗುವ ಮಗು, ಎಡುವೀನಾ!
ಹಟವಿಲ್ಲ, ರಂಪವಿಲ್ಲ,
ಸಾಕಲು ತಂದರೆ ಇಂಥದ್ದನ್ನು ತರಬೇಕು."
ದೃಷ್ಟಿ ತಾಗದಿರಲೆಂದು ಬೇಕರಿಯವಳು
ಮಣಿಕಟ್ಟಿಗೆ ಕೆಂಪು ದಾರ ಕಟ್ಟಿದಳು.
ನಾನೂ ಬೀಗಿದೆ. ಸುಳ್ಳೇಕೆ.

ಮೂರು ಹೆತ್ತಿದ್ದೇನೆ.
ಮೂರೂ ನನ್ನ ಲಂಗ ಜಗ್ಗಿ ಜಗ್ಗಿ ಹರಿದವು.
ಬಚ್ಚಲಿಗೆ ಹೋಗಿ ಅಗುಳಿ ಹಾಕಿದರೆ
ಲೋಕವೇ ಮುಳುಗಿತೆಂದು ಬಾಗಿಲು ಗುದ್ದಿದವು.
ಇವನಿಗೆ
ನಾನು ಹೋದರೆ ಹೋದೆ,
ಬಂದರೆ ಬಂದೆ,
ಕಿಟಕಿಯ ಪರದೆ ಗಾಳಿಗೆ ಆಡಿದಷ್ಟೇ.

ಆಗಸ್ಟಿನ ಚಳಿಯಲ್ಲಿ ಒಂದು ಮಧ್ಯಾಹ್ನ
ಮೆಟ್ಟಿಲಿಂದ ಜಾರಿದ.
ಮೊಣಕಾಲು ತರಚಿ ರಕ್ತ.
ನಾನು ಐದೇ ಹೆಜ್ಜೆ ಆಚೆ, ಕೈ ಚಾಚಿ.
ನನ್ನನ್ನು ನೋಡಲಿಲ್ಲ.
ಯಾರನ್ನೂ ನೋಡಲಿಲ್ಲ.
ಗಾಯದ ಮೇಲೆ ತನ್ನದೇ ಅಂಗೈ ಮುಚ್ಚಿಕೊಂಡು
ಸ್ವಲ್ಪ ಹೊತ್ತು ಕೂತ,
ಅಂಗಡಿ ಬಾಗಿಲೆಳೆದು ದಿನದ ಲೆಕ್ಕ ಮುಗಿಸುವ
ವಯಸ್ಸಾದ ಯಜಮಾನನ ಹಾಗೆ.
ಆಮೇಲೆ ಎದ್ದು ನಡೆದ.

ಚಾಚಿದ ಕೈ ನನ್ನದು, ಹಾಗೇ ಇತ್ತು.
ಅತ್ತು ನೋಡಿದ್ದಾನೆ ಇವನು,
ಎಲ್ಲೋ, ಎಷ್ಟೋ ರಾತ್ರಿ.
ಯಾರೂ ಬಾರದೆ,
ದಂಡದ ಖರ್ಚೆಂದು ನಿಲ್ಲಿಸಿದ್ದಾನೆ.

ಇಲಾಖೆಯ ಹುಡುಗಿ ಫಾರಂ ತಂದಳು.
ಊಟ? ಸರಿ. ನಿದ್ದೆ? ಸರಿ. ತೂಕ? ಸರಿ.
ಮೊಣಕಾಲಿನ ವಿಷಯ ಹೇಳಿದೆ.
ಪೆನ್ನು ಮುಚ್ಚಿಟ್ಟು ಕೇಳಿದಳು:
"ಎತ್ತಿಕೊಂಡಾಗ ಮೈ ಹೇಗಿರುತ್ತದೆ?"
ಹಿಟ್ಟಿನ ಚೀಲದ ಹಾಗೆ, ಅಂದೆ,
ಭಾರ ಇದೆ, ಹಿಡಿತ ಇಲ್ಲ.
"ಹೊಸದೇನಾದರೂ ಕಂಡರೆ
ನಿಮ್ಮ ಮುಖ ನೋಡುತ್ತಾನೆಯೇ?"
ಆ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ.
ಹಗಲಿಗೊಬ್ಬಳು, ರಾತ್ರಿಗೊಬ್ಬಳು,
ಭಾನುವಾರಕ್ಕೆ ಮತ್ತೊಬ್ಬಳು,
ಆ ಮನೆಯಲ್ಲಿ ಹಾಗೇ ಬೆಳೆದನಂತೆ.
ಮದ್ದು ಬರೆದುಕೊಡುತ್ತಾಳೆಂದು ಕಾದೆ.
"ನೀವೇ ಉಣಿಸಿ. ನೀವೇ ಎತ್ತಿಕೊಳ್ಳಿ.
ಬೇಸರ ಬರುವಷ್ಟು ದಿನ."

ಅದೇ ಚಮಚ, ಅದೇ ಮಡಿಲು,
ಅದೇ ಸವೆದ ನೀಲಿ ಸ್ವೆಟರು.
ಒಗೆಯಲು ಹಾಕಿದರೂ ಸಂಜೆಗೆ ಒಣಗಿಸಿ ತೊಟ್ಟೆ.
ಗ್ಯಾಸಿನವನಿಗೆ ಹೇಳಿದೆ: ಎತ್ತಬೇಡಪ್ಪ.
"ಮಗು ತಾನಾಗಿ ಬರುತ್ತಿದೆಯಲ್ಲ ತಾಯಿ!"
ಅವನ ಮುಖ ಸಣ್ಣದಾಯಿತು.
ಹಳಿಗಾಡಿಯವಳು ಮಾತು ಬಿಟ್ಟಳು.
ಬೇರೆಯವರ ಮಗುವನ್ನು
ಮುಷ್ಟಿಯಲ್ಲಿಟ್ಟುಕೊಂಡಿದ್ದಾಳೆ ಎಡುವೀನಾ,
ಹೊಟ್ಟೆಕಿಚ್ಚಿನವಳು, ಎಂದು
ಬ್ರೆಡ್ಡಿನ ಸಾಲಿನಲ್ಲಿ ಆಡಿಕೊಂಡರು.
ಕೆಲವು ರಾತ್ರಿ ನನಗೂ ಹಾಗೇ ಅನಿಸಿತು.

ಚಳಿ ಹೋಯಿತು.
ವಸಂತ ಅರ್ಧ ಹೋಯಿತು.
ಹಿಟ್ಟಿನ ಚೀಲ ಹಿಟ್ಟಿನ ಚೀಲವೇ.

ಇವತ್ತು ಬೆಳಗ್ಗೆ ಮತ್ತೆ ಸಲಾಕೆಯ ಸದ್ದು.
ಅಲೀರೊ ಓಡಿದ, ತೋಳೆತ್ತಿ,
ಒಂದು, ಎರಡು, ಮೂರು ಹೆಜ್ಜೆ.
ನಿಂತ.
ಕತ್ತು ಹಿಂದಕ್ಕೆ ತಿರುಗಿಸಿ ನೋಡಿದ.
ನೊಣ ಕೂತೆದ್ದಷ್ಟು ಹೊತ್ತು, ಅಷ್ಟೇ,
ನಾನು ಇದ್ದೇನೋ ಇಲ್ಲವೋ ಎಂದು.

ಇದ್ದೆ.
ಕೈಯಲ್ಲಿದ್ದ ಗ್ಯಾಸಿನ ಚಿಲ್ಲರೆ
ಮೆಟ್ಟಿಲ ಕೆಳಗೆ ಉರುಳಿ ಹೋಯಿತು.

ಅವನು ಎಂದಿನಂತೆ ಓಡಿದ, ಆ ಕೊರಳಿಗೇ.
ಓಡಲಿ.
ನಾನು ನಾಣ್ಯ ಹೆಕ್ಕಲೂ ಏಳದೆ
ಅಲ್ಲೇ ಕೂತೆ,
ಇನ್ನೊಮ್ಮೆ ತಿರುಗಿದರೆ
ಅದೇ ಜಾಗದಲ್ಲಿ ಸಿಗುವ ಹಾಗೆ.