ಎಡನಳಿಗೆಯ ಕೂಲಿ

ಮಂಡಿ ಮೊಹಲ್ಲಾದ ಹಿಂದಿನ ಸಾಲು,
ಮಸೀದಿ ಗಲ್ಲಿಗೆ ಮೂರನೇ ಬಾಗಿಲು,
ಹಯಾತ್ ಸಾಬರ ಕೋವಿ ರಿಪೇರಿ.
ಅಗಸೆಯೆಣ್ಣೆಯ ವಾಸನೆ, ಮರದ ಹೊಟ್ಟು,
ಮೂಲೆಯಲ್ಲಿ ಉಪ್ಪುಕಾಗದ ಹಿಡಿದು ನಾನು, ಹನ್ನೆರಡು ವರ್ಷ.

ಹಲಗೂರಿನ ಮೊದಲ ಬಸ್ಸಿಗೆ ಬಂದಳು ಬೋರಮ್ಮ.
ಸೆರಗಿನ ಗಂಟಲ್ಲಿ ಲೈಸೆನ್ಸು,
ಗಂಡನ ಹೆಸರು ಹೊಡೆದು ಅವಳದು ಬರೆದದ್ದು,
ಶಾಯಿ ಇನ್ನೂ ಹಸಿನೀಲಿ.
"ಬೋರಮ್ಮಂಗೆ ಎಷ್ಟು ಬೋರು?" ಅಂದ ಪಕ್ಕದ ಬೀಗದಂಗಡಿಯವ.
ಅವಳು ನಗಲಿಲ್ಲ. ಸಾಬರೂ.

"ಆಡ್ಮರಿ ಹೊತ್ಕೊಂಡೋಗಕ್ಕೆ ನರಿ ಬತ್ತದೆ.
ಅವರೆ ಮೇಯಕ್ಕೆ ಜಿಂಕೆ ಬತ್ತದೆ.
ಎರಡಕ್ಕೂ ಆಗೋದು ಒಂದು ಕೊಡಿ."

ಸಾಬರು ಗೋಡೆಯಿಂದ ಸಣ್ಣದನ್ನಿಳಿಸಿದರು.
"ಇದು ಇಪ್ಪತ್ತೆರಡು. ಕಿರುಬೆರಳ ಉಗುರಷ್ಟು ಗುಂಡು.
ನರಿಗೆ ಸಾಕು. ಜಿಂಕೆಗೆ ಹೊಡೆದೆಯೋ,
ಸಾಯಲ್ಲ ತಾಯಿ, ಹೋಗತ್ತೆ.
ಹೊಟ್ಟೇಲಿ ಸೀಸ ಇಟ್ಕೊಂಡು ಮೂರು ದಿನ ಹೋಗತ್ತೆ.
ನಿನ್ನ ಹೊಲ ಬಿಡತ್ತೆ, ನಿನ್ನ ನಿದ್ದೆ ಬಿಡಲ್ಲ."

ಆಮೇಲೆ ದೊಡ್ಡದು.
"ಮುನ್ನೂರ ಹದಿನೈದು. ಜಿಂಕೆ ನಿಂತಲ್ಲೇ ಕುಸಿಯತ್ತೆ.
ನರಿಗಾದರೆ ಬಾಲ ಹುಡುಕಬೇಕು, ಅಷ್ಟೆ.
ಗುರಿ ತಪ್ಪಿದರೆ ಇದು ನಿನ್ನ ಬೇಲಿಗೆ ನಿಲ್ಲಲ್ಲ,
ಪಕ್ಕದೂರಿನ ಹಟ್ಟಿ ತನಕ ದಾರಿ ಗೊತ್ತು ಇದಕ್ಕೆ."
"ಒದೆ ಎಷ್ಟು?"
"ಈದ ಎಮ್ಮೆಯಷ್ಟು."
"ಎಮ್ಮೆ ಒದೆ ತಿಂದಿವ್ನಿ" ಅಂದಳು, ಆದರೂ ವಾಪಸಿಟ್ಟಳು.

ಕೊನೆಗೆ ಹನ್ನೆರಡರ ಜೋಡುನಳಿಗೆ.
ಕೂಸನ್ನು ಹೆಗಲಿಗೆ ಹಾಕಿಕೊಂಡ ಹಾಗೆ ಹಾಕಿಕೊಂಡಳು.
"ಬಲದ ಬಾಯಿ ಸಡಿಲ, ಎಡದ್ದು ಕೊಂಚ ಬಿಗಿ.
ಬಲಕ್ಕೆ ಎಲ್‌ಜಿ ತೋಟಾ, ದಪ್ಪ ಚರೆ ಆರು, ಜಿಂಕೆಗೆ.
ಇಪ್ಪತ್ತು ಮಾರಿನ ಒಳಗೆ ಬಂದರೆ ಮಾತ್ರ, ಇಲ್ಲಾಂದ್ರೆ ಬಿಟ್ಟುಬಿಡು.
ಎಡಕ್ಕೆ ಸಣ್ಣ ಚರೆ, ನರಿಗೆ.
ಮುಂದಿನ ಕುದುರೆ ಬಲಕ್ಕೆ, ಹಿಂದಿನದು ಎಡಕ್ಕೆ.
ಕತ್ತಲಲ್ಲಿ ಕಣ್ಣನ್ನ ಕೇಳಬೇಡ, ಬೆರಳಿಗೆ ಗೊತ್ತಿರಬೇಕು."

ಬರಿ ಕೋವಿ ಹಿಡಿದು ಅಂಗಡಿಯ ಮೆಟ್ಟಿಲಲ್ಲಿ
ಬೆರಳು ಹಿಂದೆ ಮುಂದೆ ಆಡಿಸುತ್ತ ಕೂತಳು
ಅಕ್ಷರ ತಿದ್ದುವ ಹುಡುಗಿಯಂತೆ:
ಜಿಂಕೆ, ನರಿ. ನರಿ, ಜಿಂಕೆ. ನರಿ.

ಪ್ರತಿವರ್ಷ ಗೌರಿಹಬ್ಬ ಕಳೆದ ವಾರ
ಗೋಣಿತಾಟಿನಲ್ಲಿ ಸುತ್ತಿ ತರುತ್ತಿದ್ದಳು.
ನಳಿಗೆ ಬಾಗಿಸಿ ಕಿಟಕಿಯ ಬೆಳಕಿಗೆ ಹಿಡಿಯುವುದು ನನ್ನ ಕೆಲಸ.
ಎಡದ್ದು ಅಡುಗೆಮನೆಯ ಹೊಗೆಗೂಡು.
ಬಲದ್ದು
ಬಳೆಯೊಳಗೆ ಬಳೆ, ಅದರೊಳಗೆ ಬೆಳಕಿನ ಬಳೆ,
ಕಟ್ಟಕಡೆಯಲ್ಲಿ ಗಲ್ಲಿಯ ಬೇವಿನ ಒಂದೆಲೆ.

"ಎರಡು ನಳಿಗೆ, ಎರಡು ರೂಪಾಯಿ."
"ಬಲಗಡೇದು ಮುಟ್ಟೇ ಇಲ್ಲ ನಾನು. ಒಂದ್ರುಪಾಯಿ."
ಏಳು ವರ್ಷ ಇದೇ ಜಗಳ.
ಏಳು ವರ್ಷ ಅದೇ ಎರಡು ಎಲ್‌ಜಿ ತೋಟಾ,
ಹಿತ್ತಾಳೆ ಹಸಿರುಗಟ್ಟಿ.

"ಜಿಂಕೆ ಬರಲ್ವಾ ಈಗ?"
"ಬತ್ತವೆ."
"ಮತ್ತೆ?"
"ಮುಂದಿನ ಕುದುರೆ ಗಟ್ಟಿ."
ಸಾಬರು ಒತ್ತಿ ನೋಡಿದರು.
ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು.
ಏನೂ ಅನ್ನದೆ ಒಂದು ಹನಿ ಎಣ್ಣೆ ಬಿಟ್ಟರು.

ಈ ನಡುವೆಯೇ ಜಿಂಕೆ ಹೊಡೆಯಬಾರದೆಂಬ ಕಾನೂನು ಬಂದಿತ್ತು.
ರೈಫಲ್ಲುಗಳು ಎಣ್ಣೆಬಟ್ಟೆ ಸುತ್ತಿಕೊಂಡು ಅಟ್ಟ ಹತ್ತಿದ್ದವು.
ಬೀಗದಂಗಡಿಯವನಿಗೆ ಮಾತ್ರ ವ್ಯಾಪಾರ.

ಎಂಟನೇ ವರ್ಷ
ಕಿಟಕಿಗೆ ಹಿಡಿದೆ. ಬಲದಲ್ಲಿ ಬಳೆಯಿಲ್ಲ,
ಎಲೆಯಿಲ್ಲ.
ನಾನು ಸಾಬರ ಮುಖ ನೋಡಿದೆ,
ಸಾಬರು ಗೋಡೆಯ ಖಾಲಿ ಮೊಳೆಗಳನ್ನು ನೋಡಿದರು.
ಆಗಲೇ ಹಲಗೆಯ ಮೇಲಿತ್ತು
ಎರಡು ರೂಪಾಯಿ, ಒಂದರ ಮೇಲೊಂದು.
ಪಕ್ಕದಲ್ಲಿ ಉಳಿದ ಒಂದು ಎಲ್‌ಜಿ ತೋಟಾ.
"ಇದ ವಾಪಸ್ ಮಡಿಕಳಿ" ಅಂದಳು. ಕಾಸು ಕೇಳಲಿಲ್ಲ.

ಬತ್ತಿ ಸುತ್ತಿ ಗಜ ತೂರಿಸಿದೆ. ಕಪ್ಪು ಬಂತು.
ಬದಲಿಸಿದೆ. ಕಪ್ಪು.
ಆರನೆಯದಕ್ಕೂ ಕಪ್ಪೇ ಬಂತು, ತೆಳುವಾಗಿ.
ಇನ್ನೊಂದು ಬಟ್ಟೆ ಹರಿಯಹೊರಟೆ.

"ಸಾಕು ಬುಡಪ್ಪ" ಅಂದಳು ಬೋರಮ್ಮ
ಗೋಣಿತಾಟು ಬಿಚ್ಚುತ್ತ.
"ಬಸ್ಸಿಗೆ ಹೊತ್ತಾಯ್ತದೆ."